ಶ್ರೀರಂಗಪಟ್ಟಣದ ಸವೆದ ಆನೆಗಳು

ಮೈಸೂರಿನಿಂದ ಬೆಂಗಳೂರಿನ ಹಾದಿಯಲ್ಲಿ ಹದಿನೈದು ಕಿಲೋಮೀಟರಿನಷ್ಟು ಬಂದರೆ, ಕಾವೇರಿ ಕವಲೊಡೆದು ಒಂದು ದ್ವೀಪವನ್ನು ಬಳಸಿ ಹರಿಯುತ್ತಾಳೆ. ಅದೇ ಶ್ರೀರಂಗಪಟ್ಟಣ. ಶಾಲಾ ಪ್ರವಾಸದ ಬಸ್ಸುಗಳು ಇಲ್ಲಿಗೆ ತಪ್ಪದೆ ಬರುತ್ತವೆ. ರಂಗನಾಥಸ್ವಾಮಿಯ ಗುಡಿ, ಜಾಮಿಯಾ ಮಸೀದಿ, 1784ರ ದರಿಯಾ ದೌಲತ್, 1799ರ ಮೇ 4ರಂದು ಟಿಪ್ಪು ಬಿದ್ದ ಜಾಗ, ಗುಂಬಜ್, ಸಂಗಮ - ಇಷ್ಟನ್ನು ನೋಡಿ ಮಕ್ಕಳು ಸಂಜೆಗೆ ಊರಿಗೆ ಮರಳುತ್ತಾರೆ. ಇದೇ ಊರಿನಲ್ಲಿ ಟಂಕಸಾಲೆಯೂ ಇತ್ತೆಂಬುದು ಅವರಲ್ಲಿ ಅನೇಕರಿಗೆ ತಿಳಿಯುವುದೇ ಇಲ್ಲ.

ಆ ಟಂಕಸಾಲೆಯಿಂದ ಹೊರಬಂದ ತಾಮ್ರದ ಪೈಸೆಯ ಒಂದು ಮುಖದಲ್ಲಿ ಆನೆ, ಇನ್ನೊಂದು ಮುಖದಲ್ಲಿ ಪಾರಸಿ ಲಿಪಿಯ ಬರಹ. ಅದರಲ್ಲಿರುವ ‘ಪಟನ್’ ಎಂಬ ಹೆಸರು ಶ್ರೀರಂಗಪಟ್ಟಣದ್ದೇ. ಆನೆಯ ಗುರುತನ್ನು ತಾಮ್ರಕ್ಕೆ ತಂದವನು ಹೈದರಾಲಿ. ಅದನ್ನು ನಗರ, ಬೆಂಗಳೂರು, ಚಿತ್ರದುರ್ಗ, ಧಾರವಾಡಗಳ ಟಂಕಸಾಲೆಗಳಿಗೂ ಹರಡಿದವನು ಟಿಪ್ಪು. ಮುಂದೆ ಟಿಪ್ಪು ಈ ನಾಣ್ಯಗಳಿಗೆ ಆಕಾಶದ ಹೆಸರುಗಳನ್ನೇ ಇಟ್ಟ. ಎರಡು ಪೈಸೆಗೆ ಮುಷ್ತರಿ, ಅಂದರೆ ಗುರು. ಒಂದು ಪೈಸೆಗೆ ಜೊಹ್ರಾ, ಅಂದರೆ ಶುಕ್ರ. ಅರ್ಧ ಪೈಸೆಗೆ ಬಹ್ರಾಮ್, ಅಂದರೆ ಮಂಗಳ. ಕಾಲು ಪೈಸೆಗೆ ನಕ್ಷತ್ರವೆಂಬ ಅರ್ಥದ ಅಖ್ತರ್, ಅದರ ಅರ್ಧಕ್ಕೆ ಧ್ರುವನೆಂಬ ಅರ್ಥದ ಕುತ್ಬ್. 1787ರಲ್ಲಿ ಬಂದ ಮೌಲೂದಿ ಶಕೆಯ ವರ್ಷವನ್ನು ಬಲದಿಂದ ಎಡಕ್ಕೆ ಬರೆಯಲಾಗುತ್ತಿತ್ತು. ಹಾಗಾಗಿ 1215 ಎಂಬ ವರ್ಷ ನಾಣ್ಯದ ಮೇಲೆ 5121 ಎಂದು ಕಾಣುತ್ತದೆ.

ಪುಸ್ತಕದ ಚಿತ್ರಗಳಲ್ಲಿ ಇವೆಲ್ಲ ಸ್ಪಷ್ಟ. ಕೈಗೆ ಸಿಗುವ ಪೈಸೆಯ ಕಥೆ ಬೇರೆ. ಸೊಂಡಿಲಿದ್ದರೆ ಬಾಲವಿಲ್ಲ, ವರ್ಷದ ನಾಲ್ಕಂಕಿಗಳಲ್ಲಿ ಎರಡು ಅಳಿಸಿವೆ, ಹಿಂಬದಿಯ ಬರಹ ನುಣ್ಣಗಾಗಿದೆ. ಹೊಳೆಯುವ ನಾಣ್ಯಕ್ಕೆ ಹಣ ಸುರಿಯುವವರು ಇಂಥದನ್ನು ಪಕ್ಕಕ್ಕೆ ಸರಿಸುತ್ತಾರೆ. ಆದರೆ ಸವೆತವೂ ಒಂದು ಬಗೆಯ ದಾಖಲೆಯೇ. ಅಚ್ಚಿನ ಗೆರೆಗಳು ಮಾಸದ ನಾಣ್ಯ ಗಡಿಗೆಯಲ್ಲೋ ಪೆಟ್ಟಿಗೆಯಲ್ಲೋ ಸುಮ್ಮನೆ ಕುಳಿತಿದ್ದಿರಬೇಕು. ಸವೆದದ್ದು ಸಂತೆಗೆ ಹೋಗಿದೆ, ಸೊಪ್ಪು ಕೊಂಡಿದೆ, ನೂರಾರು ಕೈ ದಾಟಿದೆ. ಇಂದು ಹಣಕ್ಕೆಲ್ಲ ಬಳಕೆಯಾಗುವ ‘ದುಡ್ಡು’ ಎಂಬ ಮಾತು ಮೊದಲಿಗೆ ಒಂದು ತಾಮ್ರದ ನಾಣ್ಯದ ಹೆಸರಾಗಿತ್ತು. ಬಡವರ ಕೈಯಲ್ಲಿ ಓಡಾಡಿದ್ದು ಚಿನ್ನದ ವರಹವಲ್ಲ, ಈ ತಾಮ್ರ.

ಸವೆದ ನಾಣ್ಯವನ್ನು ಓದುವುದಕ್ಕೂ ಒಂದು ಕ್ರಮವಿದೆ. ಉಬ್ಬಿದ ಭಾಗ ಮೊದಲು ಸವೆಯುತ್ತದೆ. ಆನೆಯ ಹೊಟ್ಟೆ, ಹಣೆ ಮೊದಲು ಚಪ್ಪಟೆಯಾಗಿ ಹೊರಗೆರೆ ಉಳಿಯುತ್ತದೆ. ನಾಣ್ಯವನ್ನು ನೇರ ಬೆಳಕಿಗೆ ಹಿಡಿಯದೆ, ದೀಪವನ್ನು ಪಕ್ಕದಲ್ಲಿಟ್ಟು ಓರೆ ಬೆಳಕಿನಲ್ಲಿ ನಿಧಾನವಾಗಿ ತಿರುಗಿಸಿದರೆ, ಇಲ್ಲವೆಂದುಕೊಂಡ ಅಕ್ಷರಗಳ ನೆರಳು ಮೂಡುತ್ತದೆ. ಬಳಿಕ ತೂಕ. ಒಂದು ಪೈಸೆ ಹೊಸದಿದ್ದಾಗ ಹನ್ನೊಂದು ಗ್ರಾಂ ಆಸುಪಾಸು ತೂಗುತ್ತಿತ್ತು, ಅರ್ಧ ಪೈಸೆ ಅದರ ಅರ್ಧ. ಬರಹವೆಲ್ಲ ಅಳಿಸಿದ್ದರೂ ಇದು ಜೊಹ್ರಾವೋ ಬಹ್ರಾಮೋ ಎಂದು ತಕ್ಕಡಿ ಹೇಳುತ್ತದೆ.

ಆನೆ ಇದ್ದ ಮಾತ್ರಕ್ಕೆ ಅದು ಟಿಪ್ಪುವಿನ ನಾಣ್ಯವೆನ್ನುವಂತಿಲ್ಲ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದಲ್ಲೂ ಆನೆ ಮುಂದುವರಿಯಿತು. ಅಲ್ಲಿ ಆನೆಯ ಮೇಲೆ ಸೂರ್ಯ, ಚಂದ್ರ, ಹಲವು ನಾಣ್ಯಗಳಲ್ಲಿ ‘ಶ್ರೀ’ ಅಕ್ಷರ. ಮುಂದೆ ‘ಕಾಸು’ ಎಂಬ ಕನ್ನಡ ಬರಹವೂ ಬಂತು. ತೀರ ಸವೆದ ನಾಣ್ಯದಲ್ಲಿ ಚಂದ್ರನ ಒಂದು ಚಿಕ್ಕ ಬಾಗು ಉಳಿದಿದ್ದರೂ ಸಾಕು, ಅದು ಯಾರ ಕಾಲದ್ದೆಂಬ ಸುಳಿವು ಸಿಕ್ಕಂತೆ.

ಇಂಥ ನಾಣ್ಯಗಳನ್ನೇ ಹುಡುಕಿ ಕೂಡಿಡುವ ಹವ್ಯಾಸ ಬೇರೆ ದೇಶಗಳಲ್ಲೂ ಇದೆ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತಮ್ಮ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರವರೆಗಿನ ದರ್ಜೆಗಳನ್ನು ರೂಪಿಸಿದರು. 70 ಎಂದರೆ ಕಳಂಕವಿಲ್ಲದ್ದು. 1 ಎಂದರೆ ಯಾವ ಬಗೆಯ ನಾಣ್ಯವೆಂದು ಹೇಗೋ ಗುರುತಿಸಬಹುದಾದದ್ದು. ಬೇಕೆಂದೇ 1ರ ದರ್ಜೆಯವನ್ನೇ ಅರಸುವ ಸಂಗ್ರಾಹಕರು ಅಲ್ಲಿದ್ದಾರೆ. ವಿದ್ಯಾರ್ಥಿಗೂ ಇದು ಅನುಕೂಲದ ದಾರಿ. ಸಾಮಾನ್ಯ ಬಗೆಯ ಸವೆದ ನಾಣ್ಯಕ್ಕೆ ಬೆಲೆ ಕಡಿಮೆ, ಕಲಿಯುವುದಕ್ಕೆ ಬೇಕಾದಷ್ಟಿದೆ.

ಇಲ್ಲಿ ಹೆತ್ತವರು ಗಮನಿಸಬೇಕಾದ ಮಾತುಗಳೂ ಇವೆ. ತಾಮ್ರದ ಚೊಂಬನ್ನು ಹುಣಸೆಹಣ್ಣು ಹಚ್ಚಿ ಬೆಳಗುವುದು ನಮ್ಮ ಮನೆಗಳ ವಾಡಿಕೆ. ಹಳೆಯ ನಾಣ್ಯಕ್ಕೆ ಅದನ್ನು ಮಾಡಲೇಬಾರದು. ಇನ್ನೂರು ವರ್ಷ ಸಂತೆಯ ಕೈಗಳು ಅಳಿಸದೆ ಬಿಟ್ಟ ಗೆರೆಯನ್ನು ಹುಣಸೆಯ ಹುಳಿ ಮತ್ತು ತೆಂಗಿನ ನಾರು ಐದು ನಿಮಿಷದಲ್ಲಿ ಅಳಿಸಿಬಿಡುತ್ತವೆ. ಅಂಚನ್ನಷ್ಟೇ ಹಿಡಿದು, ಒಣ ಕಾಗದದ ಲಕೋಟೆಯಲ್ಲಿಟ್ಟರೆ ಸಾಕು.

ಎರಡನೆಯದು ಆಸೆಯ ವಿಷಯ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ಆಮಿಷ ತೋರಿಸಿ, ಮೊದಲು ಶುಲ್ಕ ಕಟ್ಟಿಸಿಕೊಳ್ಳುವ ವಂಚಕರು ರಿಸರ್ವ್ ಬ್ಯಾಂಕಿನ ಹೆಸರನ್ನೇ ಬಳಸುತ್ತಿದ್ದುದರಿಂದ, ಆ ಬ್ಯಾಂಕು 2021ರ ಆಗಸ್ಟಿನಲ್ಲಿ ಜನರಿಗೆ ಎಚ್ಚರಿಕೆ ನೀಡಿತು. ಪ್ರವಾಸಿ ತಾಣಗಳಲ್ಲಿ ಎರಕ ಹೊಯ್ದ ನಕಲಿಗಳೂ ಕೈ ಸೇರುವುದುಂಟು. ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಮೈಮೇಲೆ ಸಣ್ಣ ಗುಳ್ಳೆಗಳಿದ್ದರೆ ಸಂಶಯಪಡಬೇಕು.

ಮೂರನೆಯದು, ಹೊಳೆಯ ದಂಡೆಯನ್ನಾಗಲಿ ಕೋಟೆಯ ಮಣ್ಣನ್ನಾಗಲಿ ಅಗೆಯಬಾರದು. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು. ಅದಕ್ಕೂ ಮಿಗಿಲಾಗಿ, ನಾಣ್ಯ ಎಲ್ಲಿ, ಯಾವುದರ ಜೊತೆ ಸಿಕ್ಕಿತೆಂಬುದೇ ಇತಿಹಾಸಕಾರರಿಗೆ ಮುಖ್ಯ. ಅಗೆದು ಕಿಸೆಗೆ ಹಾಕಿಕೊಂಡರೆ ಆ ವಿವರ ಮರಳಿ ಸಿಗುವುದಿಲ್ಲ.

ಹಾಗಾದರೆ ಆರಂಭ ಎಲ್ಲಿಂದ? ಅಜ್ಜಿಯ ಮರದ ಪೆಟ್ಟಿಗೆಯಿಂದ. ಅಲ್ಲಿ ಆನೆ ಸಿಗದಿದ್ದರೂ, 1957ರಿಂದ 1964ರವರೆಗೆ ಅಚ್ಚಾದ ಸವೆದ ‘ನಯಾ ಪೈಸೆ’ ಸಿಕ್ಕೀತು. ಒಂದು ನೋಟುಪುಸ್ತಕದಲ್ಲಿ ತೂಕ, ಅಳತೆ, ಕಾಣುವ ಗುರುತು, ಮನೆಗೆ ಹೇಗೆ ಬಂತೆಂಬ ಅಜ್ಜಿಯ ಮಾತು - ಇಷ್ಟನ್ನು ದಿನಾಂಕದೊಡನೆ ಬರೆದಿಡಬೇಕು. ಓರೆ ಬೆಳಕಿನಲ್ಲಿ ನೋಡುವ ಅಭ್ಯಾಸ ಅದರಲ್ಲೇ ಆದರೆ, ಶ್ರೀರಂಗಪಟ್ಟಣದ ಸವೆದ ಆನೆ ಎಂದಾದರೂ ಕೈಗೆ ಬಂದಾಗ ಅದನ್ನು ಓದುವುದು ಕಷ್ಟವಾಗದು.