ಆಷಾಢದ ಪುಟಗಳು

ಜುಲೈ 7, ಭಾನುವಾರ. ಬೆಳ್ಳಾವಿ
ಬೆಳಗಿನಿಂದ ಗಾಳಿ. ತೆಂಗಿನ ಗರಿ ಎರಡು ಬಿದ್ದವು, ಒಂದು ಕೊಟ್ಟಿಗೆಯ ಶೀಟಿನ ಮೇಲೆ. ಬೋರಿನ ಮೋಟ್ರು ಸುಟ್ಟಿದೆ. ಈ ವರ್ಷಕ್ಕೆ ಎರಡನೇ ಸಲ. ಅಪ್ಪ ಏನೂ ಅನ್ನಲಿಲ್ಲ. ಅನ್ನದಿದ್ದರೇ ನನಗೆ ಹಿಂಸೆ.
ಲ್ಯಾಪ್‌ಟಾಪಿನಲ್ಲಿ 1.5 ಮೆಗಾವಾಟಿನ ಗಾಳಿಯಂತ್ರ ತಿರುಗಿಸುತ್ತಾ ಕೂತಿದ್ದೆ. ಮನೆಯ 7.5 ಎಚ್‌ಪಿ ನಿಂತಿದೆ.

ಜುಲೈ 9, ಮಂಗಳವಾರ. ರಾತ್ರಿ 11
ಗಾಳಿಯಂತ್ರದ ವೇಗ ಹಿಡಿಯಬೇಕಾದ ಪಿಐ ಕಂಟ್ರೋಲರ್ ಮತ್ತೆ ಕೈಕೊಟ್ಟಿತು. ಸೆಕೆಂಡಿಗೆ 8 ಮೀಟರ್ ಗಾಳಿಗೆ ಹೊಂದಿಸಿದ್ದು 11ಕ್ಕೆ ಓಲಾಡುತ್ತದೆ. ತಪ್ಪು ಅದರದ್ದಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಅದನ್ನು ನೇರ ಗೆರೆಯ ಲೆಕ್ಕದಲ್ಲಿ ಹಿಡಿಯಲು ಹೋದವಳು ನಾನು. ಜನರೇಟರಿನ ಕಾಯಿಲ್ ಬೇರೆ ಕಾಯುತ್ತದೆ. 50 ಡಿಗ್ರಿ ಏರಿದರೆ ತಾಮ್ರದ ರೆಸಿಸ್ಟೆನ್ಸ್ ಸುಮಾರು ಶೇ 20 ಹೆಚ್ಚು.
ಸ್ಲೈಡಿಂಗ್ ಮೋಡ್ ಕಂಟ್ರೋಲ್‌ಗೇ ಹೋಗಬೇಕು. ಉಟ್ಕಿನ್‌ನ 1977ರ ಲೇಖನ ಮತ್ತೆ ತೆಗೆದೆ.

ಜುಲೈ 10
ಹಿಡಿಯಿತು! ರೆಸಿಸ್ಟೆನ್ಸ್ ಶೇ 20 ಏರಿಸಿದರೂ ವೇಗ ಕದಲಲಿಲ್ಲ. ಒಂದು ಗಂಟೆ ಖುಷಿ. ಆಮೇಲೆ ಟಾರ್ಕ್ ಗ್ರಾಫ್ ಹಿಗ್ಗಿಸಿ ನೋಡಿದೆ. ಗರಗಸದ ಹಲ್ಲು. ಗೇರ್‌ಬಾಕ್ಸ್ ಎಷ್ಟು ದಿನ ತಡೆದೀತು?

ಜುಲೈ 13, ಶನಿವಾರ. ಬೆಳ್ಳಾವಿ
"ಅದೇನವ್ವ ದಿನಾ ಗೀಚೋದು?" ಅಪ್ಪ ಕೇಳಿದರು. ಆ ಗರಗಸದ ನಡುಕಕ್ಕೆ, 'ಚಾಟರಿಂಗ್'ಗೆ, ಕನ್ನಡ ಬರಲಿಲ್ಲ. ಈ ಊರಿನ ಹೆಸರು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು, ಸೆಂಟ್ರಲ್ ಕಾಲೇಜಿನ ಫಿಸಿಕ್ಸ್ ಮೇಷ್ಟ್ರು, 1918ರಲ್ಲೇ ಕನ್ನಡದಲ್ಲಿ 'ವಿಜ್ಞಾನ' ಪತ್ರಿಕೆ ತಂದರು. ನನಗೆ ಒಂದು ಪದ ಹೊಳೆಯಲಿಲ್ಲ. ಯಂತ್ರ ಒಂದು ಗೆರೆ ಹಿಡಿದು ಹೋಗಬೇಕು. ಈಚೆ ಬಂದರೆ ಆಚೆ, ಆಚೆ ಹೋದರೆ ಈಚೆ, ಇರುವ ಬಲವೆಲ್ಲ ಹಾಕಿ ತಳ್ಳುತ್ತೀನಿ, ಅದಕ್ಕೇ ನಡುಗುತ್ತೆ ಅಂದೆ.
"ಹೊಸಬ ಮೇಣಿ ಹಿಡ್ದಂಗೆ. ಸಾಲು ಬಿಟ್ರೆ ಅದುಮ್ತಾ ಬರಬೇಕು ಕಣವ್ವ, ಗುದ್ದಬಾರ್ದು."
ಎತ್ತು ಮಾರಿ ಹನ್ನೊಂದು ವರ್ಷ. ಹೇಳುವಾಗ ಕೈ ಮಾತ್ರ ಮೇಣಿ ಹಿಡಿದ ಹಾಗೇ ಮಡಚಿತ್ತು.

ಜುಲೈ 16
ಸ್ಲೈಡಿಂಗ್ ಮೋಡಿನದೇ ಇನ್ನೊಂದು ಬಗೆ, ಸೂಪರ್ ಟ್ವಿಸ್ಟಿಂಗ್, ಹಾಕಿದೆ. ಲೆವಾಂಟ್‌ನ 1993ರ ಲೇಖನದ್ದು. ಆಚೆ-ಈಚೆ ಹಾರುವ ಸ್ವಿಚ್ಚನ್ನು ಇಂಟಿಗ್ರಲ್ ಒಳಗೆ ಸೇರಿಸಿದರೆ ಹೊರಗೆ ಬರುವ ವೋಲ್ಟೇಜ್ ಎಗರುವುದಿಲ್ಲ. ಅದುಮ್ತಾ ಬರೋದು. ಹಲ್ಲು ಬಹುಪಾಲು ಸವೆದಿವೆ. ಪೂರ್ತಿ ಇಲ್ಲ. ಸ್ಯಾಂಪ್ಲಿಂಗ್ ನಿಧಾನವಾಯಿತೋ, ಗೇನ್ ಹೆಚ್ಚಾಯಿತೋ.

ಜುಲೈ 18, ಗುರುವಾರ
ಗೈಡ್ ಕೇಳಿದ್ದು ಒಂದೇ: "ಗ್ರಿಡ್ ವೋಲ್ಟೇಜ್ ಕುಸಿದರೆ?" ಬೀಳಿಸಿ ನೋಡಿದೆ. ಎಲ್ಲ ಹೋಯಿತು. ನನ್ನ ಗಾಳಿಯಂತ್ರದ್ದು ಡಬ್ಲಿ-ಫೆಡ್ ಜನರೇಟರ್, ಅದರ ಸ್ಟೇಟರ್ ನೇರ ಗ್ರಿಡ್ಡಿಗೇ ಕಟ್ಟಿದ್ದು. ರೋಟರ್ ಕಡೆಯ ಕನ್ವರ್ಟರ್ ಹೊರುವುದು ಒಟ್ಟು ಶಕ್ತಿಯ ಶೇ 30ರ ಆಸುಪಾಸು. ಎತ್ತೇ ಕಾಲು ಮಡಚಿದ ಮೇಲೆ ಮೇಣಿ ಹಿಡಿದೇನು ಮಾಡಲಿ.
ಮಂಗಳವಾರ ಗೆಳತಿಗೆ ಕಳಿಸಿದ್ದ ಗ್ರಾಫ್ ನೆನೆದು ನಾಚಿಕೆ.
ಚಿತ್ರದುರ್ಗದ ಗುಡ್ಡಗಳ ಮೇಲಿನ ಯಂತ್ರಗಳನ್ನು ಹೈವೇಯಿಂದ ನೋಡಿದ್ದಷ್ಟೇ. ಹತ್ತಿ ಹೋಗಿ ಒಂದನ್ನೂ ಮುಟ್ಟಿಲ್ಲ.

ಜುಲೈ 20, ಶನಿವಾರ
ಮೋಟ್ರು ರಿವೈಂಡಿಂಗ್ ಆಗಿ ಬಂತು. ಅಂಗಡಿಯವರು ಹಳೇ ಕಾಯಿಲ್ ತೋರಿಸಿದರು, ಕರ್ರಗೆ. "ವೋಲ್ಟೇಜ್ ಇಲ್ದಾಗ ಓಡಿಸ್ತೀರ." ವೋಲ್ಟೇಜ್ ಬಿದ್ದಾಗ ಅದೇ ಭಾರಕ್ಕೆ ಮೋಟ್ರು ಹೆಚ್ಚು ಕರೆಂಟ್ ಎಳೆಯುತ್ತದೆ, ಕಾಯುತ್ತದೆ, ಸುಡುತ್ತದೆ. ನನಗೆ ಗೊತ್ತಿದ್ದದ್ದೇ. ಅಪ್ಪನಿಗೆ ಯಾವತ್ತೂ ಹೇಳಿರಲಿಲ್ಲ.

ಜುಲೈ 21. ರಾತ್ರಿ 2.40
ತ್ರೀ ಫೇಸ್ ಕರೆಂಟ್ ಬಂತು. ಗಾಳಿ ನಿಂತಿಲ್ಲ. ಅಪ್ಪ ಟಾರ್ಚ್ ಹಿಡಿದು ಹೊರಟರು, ಹಿಂದೆ ನಾನು. 415 ವೋಲ್ಟ್ ತೋರಿಸಬೇಕಾದ ಮುಳ್ಳು 340ರಲ್ಲಿ. ಬೇಡ ಅಂದೆ. ಅಪ್ಪ ಸ್ಟಾರ್ಟರ್ ಒತ್ತಲಿಲ್ಲ. ಪಂಪ್‌ಹೌಸಿನ ಕಟ್ಟೆ ಮೇಲೆ ಇಬ್ಬರೂ ಕೂತೆವು.
3.15ಕ್ಕೆ 360.