ಮೂರು ಪೀಪಾಯಿ ಬಾರ್ಲಿಯ ಲೆಕ್ಕ

ಚೆಲುವಾದ ಊರುಗಳ ಮೇಲೆ ನನಗೆ ಮೊದಲಿನಿಂದಲೂ ಒಂದು ಗುಮಾನಿ. ಕ್ಯಾಲೆಂಡರಿಗೆ ಸಲ್ಲುವಷ್ಟು ಅಂದವಾಗಿರಲು ಊರಿಗೆ ಪುರುಸೊತ್ತಾದರೂ ಹೇಗೆ ಸಿಕ್ಕಿತು? ನಾರ್ವೆಯ ದಕ್ಷಿಣ ಕರಾವಳಿಯ ಗ್ರಿಮ್‌ಸ್ಟಾಡ್ ಅಂಥದೇ ಒಂದು ಪುಟ್ಟ ಬಂದರು. ಬಿಳಿ ಬಣ್ಣ ಬಳಿದ ಮರದ ಮನೆಗಳು, ಇಕ್ಕಟ್ಟು ಓಣಿಗಳು, ಎದುರಿಗೆ ಕೆರೆಯಲ್ಲಿ ಬೆನ್ನಷ್ಟೇ ಮೇಲಿಟ್ಟು ಬಿದ್ದುಕೊಂಡ ಎಮ್ಮೆಗಳಂತೆ ನುಣುಪು ಬಂಡೆಯ ನಡುಗಡ್ಡೆಗಳು. ಬೇಸಿಗೆಯಲ್ಲಿ ಕಾಲಿಟ್ಟವರಿಗೆ, ಈ ಊರು ಹುಟ್ಟಿದ್ದೇ ಐಸ್‌ಕ್ರೀಂ ಮೆಲ್ಲುತ್ತ ಅಡ್ಡಾಡುವವರಿಗಾಗಿ ಅನ್ನಿಸಿದರೆ ತಪ್ಪಿಲ್ಲ.

ಈ ಚೆಲುವನ್ನು ಉಳಿಸಿದ್ದು ಮಾತ್ರ ಬಡತನ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕರಾವಳಿ ತುಂಬ ಹಾಯಿಹಡಗು ಕಟ್ಟುವ ಸದ್ದು. ಒಂದೊಂದು ಹಡಗಿನಲ್ಲೂ ಊರಿನ ಹಲವರಿಗೆ ಪಾಲಿರುತ್ತಿತ್ತು. ಲಾಭ ಬಂದರೆ ಹಂಚಿಕೊಂಡರು, ಮುಳುಗಿದರೆ ಎಲ್ಲರೂ ಒಟ್ಟಿಗೆ ಮುಳುಗಿದರು. ಕಬ್ಬಿಣದ ಉಗಿಹಡಗು ಬಂದ ಮೇಲೆ ಮರವನ್ನೇ ನೆಚ್ಚಿದ್ದವರು ಹಿಂದೆ ಬಿದ್ದರು. 1886ರಲ್ಲಿ ನೆರೆಯ ಆರೆಂಡಾಲ್‌ನಲ್ಲಿ ಬ್ಯಾಂಕು ದಿವಾಳಿಯಾಗಿ ಇಡೀ ಸೀಮೆಯೇ ಕಂಗೆಟ್ಟಿತು. ಪ್ರಾಯದವರು ಅಮೆರಿಕದ ಹಾದಿ ಹಿಡಿದರು. ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಲು ಕೈಯಲ್ಲಿ ಕಾಸಾದರೂ ಬೇಕಲ್ಲ! ಅಂದು ಕೈಲಾಗದೆ ಬಿಟ್ಟದ್ದನ್ನೇ ಇಂದು ನಾವು ಪರಂಪರೆ ಎಂದು ಫೋಟೋ ತೆಗೆಯುತ್ತೇವೆ.

ದಿವಾಳಿ ಎಂದರೇನೆಂದು ಚೆನ್ನಾಗಿ ಬಲ್ಲ ಹುಡುಗನೊಬ್ಬ 1844ರಲ್ಲಿ ಇಲ್ಲಿಗೆ ಬಂದಿಳಿದ. ಅಪ್ಪ ಷೀನ್ ಪಟ್ಟಣದಲ್ಲಿ ವ್ಯಾಪಾರ ಕೆಟ್ಟು ಕೂತವನು. ಮಗನಿಗೆ ಇನ್ನೂ ಹದಿನೈದು, ಔಷಧಿ ಅಂಗಡಿಯಲ್ಲಿ ಕೆಲಸ ಕಲಿಯಬೇಕು. ಹೆಸರು ಹೆನ್ರಿಕ್ ಇಬ್ಸೆನ್. ‘ಗೊಂಬೆಮನೆ’ಯ ನೋರಾಳನ್ನು ಬಲ್ಲ ನಮಗೆ ಅವನು ಗಡ್ಡದ ಗಂಭೀರ ನಾಟಕಕಾರ, ಈ ಊರಿಗೆ ಮದ್ದು ಅರೆಯುತ್ತಿದ್ದ ಪೋರ. ಆ ಅಂಗಡಿ 1847ರಲ್ಲಿ ಸೇರಿದ ಮನೆ ಇಂದು ಮ್ಯೂಸಿಯಂ. ಅಲ್ಲಿ ಹಗಲೆಲ್ಲ ಗಿರಾಕಿ, ಉಳಿದ ಹೊತ್ತು ಪರೀಕ್ಷೆಯ ಓದು. ರಾತ್ರಿಯಿಂದ ಕದ್ದ ಸಮಯದಲ್ಲಿ ಮೊದಲ ನಾಟಕ ‘ಕ್ಯಾಟಿಲಿನಾ’. ಅದರ ಕಥೆ ಬಹುಪಾಲು ರಾತ್ರಿಯಲ್ಲೇ ನಡೆಯುವುದಕ್ಕೆ ಇದೇ ಕಾರಣವಿರಬೇಕೆಂದು ಮುಂದೆ ಅವನೇ ಬರೆದುಕೊಂಡ. 1850ರಲ್ಲಿ ಊರು ಬಿಟ್ಟಾಗ ಜೊತೆಗೊಯ್ದದ್ದರಲ್ಲಿ ಕಡಲ ಜನರ ಕತೆಗಳೂ ಇದ್ದವು.

ಅವು 1862ರಲ್ಲಿ ‘ಟೆರ್ಯೆ ವೀಗೆನ್’ ಎಂಬ ಕಥನಕವನವಾಗಿ ಹೊರಬಂದವು. 1807ರಲ್ಲಿ ಡೆನ್ಮಾರ್ಕ್-ನಾರ್ವೆಗೂ ಬ್ರಿಟನ್ನಿಗೂ ಯುದ್ಧ ಹತ್ತಿ, ಇಂಗ್ಲಿಷರ ಹಡಗುಗಳು ಕಡಲ ದಾರಿಗೆ ಅಡ್ಡ ನಿಂತಿದ್ದವು. ನಾರ್ವೆಗೆ ಧಾನ್ಯ ಬರಬೇಕಾದದ್ದು ಡೆನ್ಮಾರ್ಕಿನಿಂದ. ಜನ ಮರದ ತೊಗಟೆ ಪುಡಿಮಾಡಿ ರೊಟ್ಟಿಯ ಹಿಟ್ಟಿಗೆ ಬೆರೆಸಿದ ಕಾಲ ಅದು. ಹಸಿದ ಹೆಂಡತಿ, ಮಗುವಿಗಾಗಿ ಟೆರ್ಯೆ ಒಬ್ಬನೇ ಹುಟ್ಟುಹಾಕಿ ಸ್ಕಾಗರಾಕ್ ಕಡಲು ದಾಟಿ ಮೂರು ಪೀಪಾಯಿ ಬಾರ್ಲಿ ತರುತ್ತಾನೆ. ಇನ್ನೇನು ಮನೆ ಬಂತೆನ್ನುವಾಗ ಇಂಗ್ಲಿಷರ ಕೈಗೆ ಸಿಕ್ಕುತ್ತಾನೆ. ದೋಣಿ ತಳ ಕಾಣುತ್ತದೆ. 1814ರಲ್ಲಿ ಸೆರೆಯಿಂದ ಮರಳಿದರೆ ಮನೆಯಲ್ಲಿ ಯಾರೂ ಇಲ್ಲ. ಮುಂದೆ ಹಡಗುಗಳಿಗೆ ದಾರಿ ತೋರುವ ಪೈಲಟ್ ಆದವನಿಗೆ, ಅಂದು ತನ್ನನ್ನು ಸೆರೆಹಿಡಿದ ಇಂಗ್ಲಿಷ್ ಕಪ್ತಾನನೇ ಬಿರುಗಾಳಿಗೆ ಸಿಕ್ಕು ಹೆಂಡತಿ, ಮಗುವಿನ ಸಮೇತ ಎದುರಾಗುತ್ತಾನೆ. ಟೆರ್ಯೆ ಹಳೆಯದನ್ನೆಲ್ಲ ಎತ್ತಿ ಆಡಿ, ಆಮೇಲೆ ಅವರನ್ನು ಬಿಟ್ಟುಬಿಡುತ್ತಾನೆ.

ಪಾತ್ರ ಕಲ್ಪನೆಯದಾದರೂ ಹಸಿವು ನಿಜ. ಅದಕ್ಕೇ ಇರಬೇಕು, ಪಕ್ಕದ ಫ್ಯಾರೆ ಚರ್ಚಿನ ಬಳಿ ಟೆರ್ಯೆಗೊಂದು ಸ್ಮಾರಕಶಿಲೆ ಇದೆ. ಹಡಗಿನ ಒಡೆಯರಿಗೆ ಹೆಸರು ತರಲು ಹಡಗುಗಳಿದ್ದವು. ಅಕ್ಕಿಯಿಲ್ಲದ ಮನೆಗೆ ನುಚ್ಚು ತರಲು ಹೋದಂಥವನಿಗೆ ಕವಿತೆಯೇ ಬೇಕಾಯಿತು.

ಈ ಊರಿಗೆ ಇನ್ನೊಬ್ಬ ಸಾಹಿತಿಯ ನಂಟೂ ಇದೆ, ಅದು ಅಷ್ಟು ಸಲೀಸಲ್ಲ. 1920ರ ನೊಬೆಲ್ ಪಡೆದ ಕ್ನುಟ್ ಹಾಮ್ಸುನ್ 1918ರಿಂದ 1952ರಲ್ಲಿ ತೀರಿಕೊಳ್ಳುವವರೆಗೆ ಹತ್ತಿರದ ನರ್‌ಹೋಲ್ಮ್ ಎಸ್ಟೇಟಿನಲ್ಲಿದ್ದ. ನಾತ್ಸಿಗಳು ನಾರ್ವೆಯನ್ನು ತುಳಿದಾಗ ಅವರ ಪರ ನಿಂತ. ಹಿಟ್ಲರ್ ಸತ್ತಾಗ ಹೊಗಳಿ ಬರೆದ. 1947ರಲ್ಲಿ ಗ್ರಿಮ್‌ಸ್ಟಾಡ್‌ನ ಕೋರ್ಟಿನಲ್ಲೇ ವಿಚಾರಣೆ ನಡೆದು ಭಾರಿ ದಂಡ ಬಿತ್ತು. ಪಶ್ಚಾತ್ತಾಪದ ಮಾತು ಅವನ ಬಾಯಿಂದ ಬರಲಿಲ್ಲ.

ಅವನ ಕಾದಂಬರಿಗಳನ್ನು ಮೆಚ್ಚಿ ಓದಿದವನು ನಾನು. ಅವನಿಗೂ ಟೆರ್ಯೆಯ ಕ್ಷಮೆ ಸಲ್ಲಬಾರದೇಕೆ ಎಂದು ವಾದಿಸುವ ಆಸೆ ಆಗುತ್ತದೆ. ಆದರೆ ಟೆರ್ಯೆ ಬಾರ್ಲಿಯನ್ನು ಮರೆತು ಕ್ಷಮಿಸಿದವನಲ್ಲ. ಮೂರು ಪೀಪಾಯಿಯ ಲೆಕ್ಕ ಎದುರಿಗಿಟ್ಟ ಮೇಲಷ್ಟೇ ಕೈ ಸಡಿಲಿಸಿದ. ಹಳೆಯ ಬಂದರುಗಳನ್ನು ಕಾಪಾಡುವವರು ಮನೆಗಳಿಗೆ ವರ್ಷವರ್ಷ ಬಣ್ಣ ಹೊಡೆಸಲಿ, ಬೇಡವೆನ್ನುವವರು ಯಾರು? ಸಾಲ, ಹಸಿವು, ಅವಮಾನಗಳ ಲೆಕ್ಕದ ಪುಸ್ತಕಕ್ಕೆ ಮಾತ್ರ ಸುಣ್ಣ ಬಳಿಯದಿದ್ದರೆ ಸಾಕು.