ಹುಲಿ, ಹುಳಿ ಮತ್ತು ನಾಲ್ಕಿಂಚಿನ ಸ್ಪೀಕರ್

ಮನೆಯಲ್ಲೇ ಸ್ಪೀಕರ್ ಕಟ್ಟುವ ಹುಚ್ಚಿನವರು ನಾಲ್ಕು ಜನ ಸೇರಿದರೆ ಮಾತು ವೂಫರಿನಿಂದಲೇ ಶುರುವಾಗುತ್ತದೆ. ಎಷ್ಟು ಇಂಚು, ಎಷ್ಟು ವ್ಯಾಟ್, ಕಿಟಕಿಯ ಗಾಜು ನಡುಗಿತೋ ಇಲ್ಲವೋ. ಆಮೇಲೆ ಟ್ವೀಟರಿನ ಸರದಿ: ರೇಷ್ಮೆಯ ಗುಮ್ಮಟವೋ, ಲೋಹದ್ದೋ. ನಡುವಿನ ಮಿಡ್‌ರೇಂಜ್ ಡ್ರೈವರಿನ ಬಗ್ಗೆ ಕೇಳುವವರು ಕಡಿಮೆ. ಮೂರು ಗಂಡುಮಕ್ಕಳ ಮನೆಯಲ್ಲಿ ನಡುವಿನವನ ಪಾಡು ಅದರದು. ಆದರೆ ಮನುಷ್ಯನ ದನಿ ವಾಸವಾಗಿರುವುದು ಆ ನಡುವಿನಲ್ಲೇ. ಬಹಳ ವರ್ಷ ಟೆಲಿಫೋನು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಸಾಗಿಸಿತು. ಅಷ್ಟರಲ್ಲೇ ಮುಂಬೈಯಿಂದ ಊರಿಗೆ ಹೋದ ಸುದ್ದಿಗಳೆಲ್ಲ ಹೋದವು, ಅಳು ನಗು ಎಲ್ಲ ತಿಳಿಯಿತು.

ನಮ್ಮ ಮನೆಯಲ್ಲಿ ಈ ಮಿಡ್‌ರೇಂಜಿನ ಆಯ್ಕೆ ಬರೀ ಹವ್ಯಾಸವಾಗಿ ಉಳಿಯದಿರಲು ಕಾರಣ ಅಪ್ಪ. ಧಾರವಾಡದಲ್ಲಿ ಕನ್ನಡ ಮೇಷ್ಟರಾಗಿದ್ದವರು. ಅಮ್ಮ ತೀರಿಕೊಂಡ ಮೇಲೆ ವಿಲೆ ಪಾರ್ಲೆ ಪೂರ್ವದ ನಮ್ಮ ಫ್ಲಾಟಿಗೆ ಬಂದರು. ಮೊದಲ ವರ್ಷ ಚೆನ್ನಾಗಿಯೇ ಇದ್ದರು. ಬೆಳಿಗ್ಗೆ ತರಕಾರಿ ತರುವುದು, ಕಟ್ಟಡದ ಮರಾಠಿ ಕಾಕಾಗಳ ಜೊತೆ ಕಟ್ಟೆಯ ಮೇಲೆ ಹರಟೆ, ಸಂಜೆ ಫೋನಿನ ಆ್ಯಪ್‌ನಲ್ಲಿ ಧಾರವಾಡ ಆಕಾಶವಾಣಿ. 1950ರಲ್ಲಿ ಶುರುವಾದ ಆ ನಿಲಯಕ್ಕಿಂತ ತಾವು ಬರೀ ಐದು ವರ್ಷಕ್ಕೆ ದೊಡ್ಡವರು ಎಂದು ಹೇಳಿಕೊಳ್ಳುವುದು ಅವರಿಗೆ ಇಷ್ಟ. ಆಮೇಲೆ ನಿಧಾನವಾಗಿ ಮಾತು ಕಡಿಮೆಯಾಯಿತು. ಊಟಕ್ಕೆ ಕೂತಾಗ ಕೇಳಿದ್ದು ಒಂದು, ಉತ್ತರಿಸಿದ್ದು ಇನ್ನೊಂದು. ರೇಡಿಯೊ ಹಚ್ಚುವುದು ನಿಂತಿತು. ನೋಡಲು ಬಂದ ನೆಂಟರು ನನ್ನನ್ನು ಅಡುಗೆಮನೆಗೆ ಕರೆದು, ಮರೆವಿನ ಕಾಯಿಲೆ ಇರಬಹುದು, ತೋರಿಸಿ ಎಂದು ಪಿಸುಗುಟ್ಟಿದರು.

ಅಪ್ಪ ಮಾತ್ರ ತಮ್ಮ ತೊಂದರೆಯನ್ನು ಸರಿಯಾಗಿಯೇ ಹೇಳಿದ್ದರು: "ದನಿ ಕೇಳ್ತದ, ಮಾತು ತಿಳಿಯಂಗಿಲ್ಲ." ಜೋರಾಗಿ ಹೇಳಿದರೆ ಸಿಟ್ಟು ಬರುತ್ತಿತ್ತು. "ಯಾಕ ಒದರತೀ? ಒದರಿದ್ರ ತಿಳೀತದೇನು?"

ಕಿವಿಯ ಪರೀಕ್ಷೆ ಮಾಡಿಸಿದೆವು. ನಕ್ಷೆಯ ಗೆರೆ 2000 ಹರ್ಟ್ಸ್‌ವರೆಗೆ ಹೆಚ್ಚು ಇಳಿದಿರಲಿಲ್ಲ. 3000 ದಾಟಿದ ಮೇಲೆ ಘಟ್ಟ ಇಳಿದ ಹಾಗೆ ಇಳಿದಿತ್ತು. ವಯಸ್ಸಾದಂತೆ ಕಿವಿ ಹೋಗುವ ಸಾಮಾನ್ಯ ರೀತಿಯೇ ಇದು, ಮೇಲಿನ ಸ್ವರಗಳು ಮೊದಲು ಹೋಗುತ್ತವೆ. ಸ್ವರಾಕ್ಷರಗಳ ಬಲವೆಲ್ಲ ಕೆಳಗಿರುವುದರಿಂದ ದನಿ ಕೇಳುತ್ತದೆ. ವ್ಯಂಜನಗಳನ್ನು ಬೇರೆ ಬೇರೆ ಮಾಡುವ ಗುರುತುಗಳು ಮೇಲಿರುವುದರಿಂದ ಮಾತು ತಿಳಿಯುವುದಿಲ್ಲ. ಹಿಯರಿಂಗ್ ಏಡ್ ಬಂತು. ಊಟದ ಮೇಜಿನ ಮಾತಿಗೆ ಅದರಿಂದ ಉಪಕಾರವಾಯಿತು. ಆದರೆ ಸಂಗೀತ ಕೇಳುವಾಗ ಅಪ್ಪ ಅದನ್ನು ತೆಗೆದಿಡುತ್ತಿದ್ದರು, ತಂಬೂರಿ ತಗಡು ಬಡಿದಂತೆ ಕೇಳುತ್ತದೆ ಎಂದು. ಆ ಸಾಧನಗಳನ್ನು ಮುಖ್ಯವಾಗಿ ಮಾತಿಗಾಗಿ ಹದಗೊಳಿಸಿರುತ್ತಾರೆ. ಸಂಗೀತದ ಬಗ್ಗೆ ಅನೇಕರದು ಇದೇ ದೂರು. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಕೇಳುವುದು ಅಪ್ಪನ ದಿನದ ಕೊನೆಯ ಕೆಲಸವಾಗಿತ್ತು. ಅಲ್ಲಿ ರಾಗದಷ್ಟೇ ಶಬ್ದವೂ ಬೇಕು. ಶಬ್ದ ತಿಳಿಯದ ವಚನ ಯಾಕೆ ಎಂದು ಅದನ್ನೂ ಬಿಟ್ಟರು.

ಆಗ ಹಾಲ್‌ನಲ್ಲಿ ಇದ್ದದ್ದು ಅಂಗಡಿಯಿಂದ ತಂದ ಒಂದು ಜೊತೆ ಟೂ-ವೇ ಸ್ಪೀಕರ್. ಎಂಟಿಂಚಿನ ವೂಫರು, ಒಂದಿಂಚಿನ ಟ್ವೀಟರು, ಎರಡರ ನಡುವಿನ ಗಡಿ 3000 ಹರ್ಟ್ಸ್ ಆಸುಪಾಸು. ಸೋಫಾದಲ್ಲಿ ಎದುರು ಕೂತವರಿಗೆ ಚೆನ್ನಾಗಿ ಕೇಳುವ ಡಬ್ಬಿಗಳೇ. ಆದರೆ ಅಪ್ಪ ಎದುರು ಕೂರುವವರಲ್ಲ. ಕಿಟಕಿ ಪಕ್ಕದ ದಿವಾನ್ ಅವರ ಜಾಗ, ಸ್ಪೀಕರಿಗೆ ಸುಮಾರು 45 ಡಿಗ್ರಿ ಓರೆಗೆ. ಒಂದು ದಿನ ಡಬ್ಬಿಯನ್ನು ಅವರ ಕಡೆ ತಿರುಗಿಸಿದೆ. ಅಪ್ಪ ತಲೆ ಎತ್ತಿ ನೋಡಿದರು. ಹತ್ತಕ್ಕೆ ಹದಿನಾಲ್ಕು ಅಡಿಯ ಹಾಲ್‌ನಲ್ಲಿ ಅದನ್ನು ಹಾಗೇ ಬಿಡುವಂತಿರಲಿಲ್ಲ, ಅಡುಗೆಮನೆಗೆ ಹೋಗುವ ದಾರಿಗೆ ಅಡ್ಡ, ಸೋಫಾದಲ್ಲಿ ಕೂತವರಿಗೂ ಮಂಕು. ಆದರೆ ವಿಷಯ ತಿಳಿಯಿತು.

ಇದರ ಲೆಕ್ಕ ಸರಳ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋನಿನ ಅಗಲದಿಂದ ಭಾಗಿಸಿದರೆ ಬರುವ ಹರ್ಟ್ಸ್‌ನ ಹತ್ತಿರ ಬರುತ್ತಿದ್ದಂತೆ ಸದ್ದು ಸುತ್ತ ಹರಡುವುದನ್ನು ಬಿಟ್ಟು ಟಾರ್ಚಿನ ಬೆಳಕಿನಂತೆ ನೇರ ಹೋಗತೊಡಗುತ್ತದೆ. ಎಂಟಿಂಚಿನ ವೂಫರಿನಲ್ಲಿ ನಿಜವಾಗಿ ಅಲುಗಾಡುವ ಕೋನು ಸುಮಾರು 17 ಸೆಂಟಿಮೀಟರ್. ಭಾಗಿಸಿದರೆ 2000 ಹರ್ಟ್ಸ್. ಅಲ್ಲಿಂದ 3000ದವರೆಗೆ, ಟ್ವೀಟರು ಕೆಲಸ ವಹಿಸಿಕೊಳ್ಳುವ ತನಕ, ಓರೆಗೆ ಕೂತವರಿಗೆ ಒಂದು ಗುಂಡಿ. ಅಳೆಯುವ ಮೈಕನ್ನು ಅಪ್ಪನ ದಿಂಬಿನ ಮೇಲಿಟ್ಟು ಲ್ಯಾಪ್‌ಟಾಪಿನಲ್ಲಿ ನೋಡಿದಾಗ ಆ ಗುಂಡಿ ಕಣ್ಣಿಗೇ ಕಂಡಿತು. 3000ದ ಮೇಲಿನದನ್ನು ವಯಸ್ಸು ಕಸಿದಿತ್ತು. ಅದರ ಕೆಳಗಿನ ತುಂಡನ್ನು ಡಬ್ಬಿ ಅವರ ಕಡೆ ಕಳಿಸುತ್ತಲೇ ಇರಲಿಲ್ಲ.

ಆ ತುಂಡಿನಲ್ಲಿ ಕನ್ನಡದ ಒಂದು ದೊಡ್ಡ ಆಸ್ತಿ ಇದೆ. ನಾಲಿಗೆಯನ್ನು ಮೇಲೆ ಮಡಿಸಿ ನುಡಿಯುವ ಣ, ಳಗಳಲ್ಲಿ ದನಿಯ ಮೂರನೆಯ ಅನುರಣನ ಕೆಳಗೆ ಜಗ್ಗುತ್ತದೆ, ಹೆಚ್ಚುಕಡಿಮೆ ಈ 2000ದ ಆಸುಪಾಸಿಗೆ. ನ, ಲಗಳಲ್ಲಿ ಅದು ಮೇಲೇ ಉಳಿಯುತ್ತದೆ. ಆ ಇಳಿತ ಕೇಳದಿದ್ದರೆ ಬಳೆ ಬಲೆಯಾಗುತ್ತದೆ, ಮಣೆ ಮನೆಯಾಗುತ್ತದೆ. ಎದುರಿಗಿರುವವರ ತುಟಿ ನೋಡಿ ಊಹಿಸೋಣವೆಂದರೆ ನಾಲಿಗೆ ಒಳಗಿದೆ. ನಮ್ಮ ಮಹಡಿಯ ಮರಾಠಿ ಕಾಕಾಗೆ ಇದನ್ನು ಹೇಳಿದಾಗ ಅವರು ಕೂಡಲೇ ಹಿಡಿದುಕೊಂಡರು. ಅವರ ಭಾಷೆಯಲ್ಲೂ ಳ ಇದೆ, ಣ ಇದೆ. ಅವರಿಗೂ ಎಂಬತ್ತು ಸಮೀಪಿಸಿದೆ.

ಹಾಗಾಗಿ ತ್ರೀ-ವೇ ಡಬ್ಬಿ ಕಟ್ಟುವುದೆಂದಾಯಿತು. ಕೆಳಗೆ ವೂಫರ್, ಮೇಲೆ ಟ್ವೀಟರ್, ನಡುವೆ ದನಿಯ ಬಹುಪಾಲನ್ನು ಒಂದೇ ಕೈಯಲ್ಲಿ ಹೊರುವ, ಓರೆಗೂ ಹರಡುವ ಮಿಡ್‌ರೇಂಜ್. ಶನಿವಾರ ಪಾರ್ಲೆಯಿಂದ ಸ್ಲೋ ಲೋಕಲ್ ಹಿಡಿದು ಗ್ರ್ಯಾಂಟ್ ರೋಡಿನಲ್ಲಿ ಇಳಿದರೆ ಲ್ಯಾಮಿಂಗ್ಟನ್ ರೋಡ್ ನಡೆಯುವ ದೂರ. ಹಲಗೆಯ ಮೇಲೆ ಡಾ. ಭಡ್ಕಮ್ಕರ್ ಮಾರ್ಗ ಎಂದಿದ್ದರೂ ರೆಸಿಸ್ಟರ್ ಕೊಳ್ಳುವವರ ಬಾಯಲ್ಲಿ ಅದು ಇಂದಿಗೂ ಲ್ಯಾಮಿಂಗ್ಟನ್ನೇ. ಅಲ್ಲಿಂದ ಒಂದಷ್ಟು, ಹೊರಗಿನಿಂದ ತರಿಸಿದ್ದು ಒಂದಷ್ಟು, ಕೊನೆಗೆ ನಾಲ್ಕು ಡ್ರೈವರುಗಳು ಮೇಜಿನ ಮೇಲೆ ಬಂದವು: ಐದಿಂಚಿನ ಅಲ್ಯೂಮಿನಿಯಂ ಕೋನ್, ಐದಿಂಚಿನ ಪಾಲಿಪ್ರೊಪಿಲೀನ್, ನಾಲ್ಕಿಂಚಿನ ಕಾಗದದ ಕೋನ್, ಎರಡಿಂಚಿನ ಬಟ್ಟೆಯ ಡೋಮ್.

ಮಿಡ್‌ರೇಂಜ್ ಆರಿಸುವಾಗ ಅಂಗಡಿಯವರು ಮೊದಲು ಹೇಳುವುದು ವ್ಯಾಟ್. ಅದು ಕೊನೆಗೆ ನೋಡಬೇಕಾದದ್ದು. ನಾನು ನೋಡಿದ್ದು ಇಷ್ಟು. ಡ್ರೈವರಿನ ಸಹಜ ಅನುರಣನ, ಅಂದರೆ ಎಫ್‌ಎಸ್, ಕೆಳಗಿನ ಗಡಿಗಿಂತ ಕನಿಷ್ಠ ಒಂದು ಸಪ್ತಕ ಕೆಳಗಿರಬೇಕು. 400 ಹರ್ಟ್ಸ್‌ಗೆ ಗಡಿ ಹಾಕುವುದಾದರೆ ಎಫ್‌ಎಸ್ 200ಕ್ಕಿಂತ ಕಡಿಮೆ ಬೇಕು, ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಸೆನ್ಸಿಟಿವಿಟಿ ವೂಫರಿನಷ್ಟಾದರೂ ಇರಬೇಕು. ಹೆಚ್ಚಿದ್ದರೆ ಎರಡು ರೆಸಿಸ್ಟರ್ ಹಾಕಿ ಇಳಿಸಬಹುದು, ಕಡಿಮೆಯಿದ್ದರೆ ಏರಿಸುವ ದಾರಿಯಿಲ್ಲ. ಕೋನಿನ ಅಂಚು ರಬ್ಬರಿನದಿರಬೇಕು. ಮುಂಬೈಯ ತೇವದಲ್ಲಿ ಫೋಮ್ ಅಂಚು ಕೆಲವು ವರ್ಷಗಳಲ್ಲಿ ಪುಡಿಯಾಗಿ ಉದುರುತ್ತದೆ. ಇದೇ ಕಾರಣಕ್ಕೆ ಡಬ್ಬಿಗೆ ಎಂಡಿಎಫ್ ಬಿಟ್ಟು 18 ಮಿಲಿಮೀಟರಿನ ಒಳ್ಳೆಯ ಪ್ಲೈವುಡ್. ಮಳೆಗಾಲದಲ್ಲಿ ಎಂಡಿಎಫ್‌ನ ಅಂಚು ನೀರು ಕುಡಿದ ಬಿಸ್ಕತ್ತಿನಂತೆ ಉಬ್ಬುವುದನ್ನು ಪಾರ್ಲೆಯವರಿಗೆ ಬೇರೆ ಹೇಳಬೇಕಿಲ್ಲ.

ಗಡಿ ಎಲ್ಲಿ ಎನ್ನುವುದಕ್ಕೆ ಸಂಗೀತವೂ ಉತ್ತರ ಕೊಡುತ್ತದೆ. ಗಾಯಕರು ಹಾರ್ಮೋನಿಯಂನ ಕಪ್ಪು ಒಂದರಲ್ಲಿ ಹಾಡಿದರೆ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್, ತಾರ ಷಡ್ಜ 277. ಆ ಮೂಲ ಸ್ವರ ವೂಫರಿನ ಪಾಲಿಗೆ. ಆದರೆ ಆ ಎಂದೋ ಈ ಎಂದೋ ಗುರುತಿಸುವ, ಇದು ಮನ್ಸೂರರು, ಇದು ಗಂಗೂಬಾಯಿ ಎಂದು ಹೇಳುವ ಅನುರಣನಗಳ ಹೆಚ್ಚಿನ ಭಾಗ 400ರಿಂದ 3500ರ ನಡುವೆ. ಬೆಲೆಯ ಮಾತೂ ಇದೆ. 8 ಓಂ ಡ್ರೈವರಿಗೆ ಅತಿ ಸರಳ ಕ್ರಾಸೋವರಿನಲ್ಲಿ 800 ಹರ್ಟ್ಸ್ ಗಡಿಗೆ 25 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಸಾಕು, 400ಕ್ಕೆ ಇಳಿದರೆ 50 ಬೇಕು. ಕಾಯಿಲೂ ಹಾಗೇ ದಪ್ಪವಾಗುತ್ತದೆ. ಗಡಿ ಕೆಳಗಿಳಿದಷ್ಟು ಜೇಬೂ ಇಳಿಯುತ್ತದೆ.

ಅಂಕಿಸಂಖ್ಯೆ ಇಲ್ಲಿಯವರೆಗೆ ತಂದು ಬಿಟ್ಟಿತು. ಮುಂದಿನದನ್ನು ಕಿವಿ ಹೇಳಬೇಕು, ಅದೂ ಅಪ್ಪನ ಕಿವಿ. ಮಾತನ್ನೇ ಸ್ಪೀಕರಿನ ಪರೀಕ್ಷೆಗೆ ಇಡುವುದು ಹಳೆಯ ಪದ್ಧತಿ. ಬಿಬಿಸಿಯ ಎಂಜಿನಿಯರುಗಳು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ಎಲ್‌ಎಸ್3/5ಎ ಎಂಬ ಪುಟ್ಟ ಮಾನಿಟರ್ ರೂಪಿಸಿದರು. ಐದಿಂಚಿನ ಡ್ರೈವರಿನ ಆ ಡಬ್ಬಿಯಲ್ಲಿ ಗುಡುಗು ಕೇಳದು, ಆದರೆ ಮನುಷ್ಯರ ಮಾತು ಮಾತಿನಂತೆಯೇ ಕೇಳುತ್ತದೆ ಎಂದು ಈಗಲೂ ಜನ ಅದನ್ನು ಹುಡುಕಿ ಕೊಳ್ಳುತ್ತಾರೆ. ಅವರದು ಇಂಗ್ಲಿಷ್ ಮಾತು. ನಮಗೆ ಕನ್ನಡದ ಪಟ್ಟಿ ಬೇಕಿತ್ತು.

ಎಂಟನೆಯ ಕ್ಲಾಸಿನ ನನ್ನ ಮಗಳು ಆ ಕೆಲಸ ವಹಿಸಿಕೊಂಡಳು. ಹುಲಿ, ಹುಳಿ. ಕಾಲು, ಕಾಳು. ಬಲೆ, ಬಳೆ. ಮನೆ, ಮಣೆ. ಅನ್ನ, ಅಣ್ಣ. ಹಲ್ಲಿ, ಹಳ್ಳಿ. ಹೀಗೆ ಇಪ್ಪತ್ತು ಶಬ್ದ ಬರೆದಳು, ನಾನು ಓದಿ ಫೋನಿನಲ್ಲಿ ದಾಖಲಿಸಿದೆ, ಅವಳು ಪ್ರತಿ ಸಲ ಕ್ರಮ ಬದಲಿಸಿದಳು. ಒಂದೇ ಪ್ಲೈವುಡ್ ಹಲಗೆಗೆ ಒಂದೊಂದೇ ಡ್ರೈವರ್ ಕೂರಿಸಿ, ನಾಲ್ಕರ ಸದ್ದನ್ನೂ ಮೀಟರಿನಲ್ಲಿ ಒಂದೇ ಮಟ್ಟಕ್ಕೆ ತಂದು, ಮುಂದೆ ಬಟ್ಟೆ ಇಳಿಬಿಟ್ಟೆವು. ವಿಮಾನದ ಸದ್ದು ಕಳೆಯುವವರೆಗೆ ಕಾಯುವುದು, ಮತ್ತೆ ಶುರು ಮಾಡುವುದು. ಅಪ್ಪ ದಿವಾನ್ ಮೇಲೆ ರಟ್ಟು, ಕಾಗದ, ಪೆನ್ಸಿಲ್ ಹಿಡಿದು ಕೂತರು. ನಲವತ್ತು ವರ್ಷ ಮಕ್ಕಳಿಗೆ ಉಕ್ತಲೇಖನ ಹೇಳಿದವರಿಗೆ ಮೊಮ್ಮಗಳು ಉಕ್ತಲೇಖನ ಕೊಡುತ್ತಿದ್ದಳು, ಕೆಂಪು ಪೆನ್ನಿನಿಂದ ತಿದ್ದುತ್ತಿದ್ದಳು.

ಹಳೆಯ ಡಬ್ಬಿಯಲ್ಲಿ ಇಪ್ಪತ್ತಕ್ಕೆ ಹನ್ನೊಂದು ಬಂದಿತ್ತು, ಅಂದರೆ ನಾಣ್ಯ ಚಿಮ್ಮಿ ಬರೆದಷ್ಟೇ. ಅಲ್ಯೂಮಿನಿಯಂ ಹದಿನೈದು ತಂದಿತು. ಆದರೆ ಅಂಥ ಕೋನುಗಳು ಮೇಲಿನ ಸ್ವರಗಳಲ್ಲಿ ಒಂದೆಡೆ ಗಂಟೆಯಂತೆ ನಾದ ಕೊಡುತ್ತವೆ, ಅದನ್ನು ಅಡಗಿಸಲು ಕ್ರಾಸೋವರಿನಲ್ಲಿ ಇನ್ನೊಂದಷ್ಟು ಬಿಡಿಭಾಗ ಬೇಕು. ಪಾಲಿಪ್ರೊಪಿಲೀನ್‌ಗೆ ಹದಿನಾರು, ಕಾಗದಕ್ಕೆ ಹದಿನೇಳು, ಡೋಮ್‌ಗೆ ಹದಿನೆಂಟು. ಕಾಗದಕ್ಕೂ ಪ್ಲಾಸ್ಟಿಕ್ಕಿಗೂ ಇರುವ ವ್ಯತ್ಯಾಸದ ಬಗ್ಗೆ ನಾವು ಹವ್ಯಾಸಿಗಳು ಗಂಟೆಗಟ್ಟಲೆ ಜಗಳಾಡುತ್ತೇವೆ. ಅಪ್ಪನ ಕಾಗದದ ಮೇಲೆ ಅದು ಒಂದು ಅಂಕ. ದೊಡ್ಡ ಜಿಗಿತ ಬಂದದ್ದು ಕೋನು ಚಿಕ್ಕದಾದಾಗ, ಗಡಿ ಆ ಗುಂಡಿಯ ಜಾಗದಿಂದ ಸರಿದಾಗ.

ಅಂಕ ನೋಡಿದರೆ ಡೋಮ್ ಗೆಲ್ಲಬೇಕಿತ್ತು. ಮರುದಿನ ತಾತ್ಕಾಲಿಕವಾಗಿ ವೂಫರು, ಟ್ವೀಟರು ಜೋಡಿಸಿ ಮನ್ಸೂರರನ್ನು ಹಚ್ಚಿದೆವು. ಎರಡಿಂಚಿನ ಡೋಮನ್ನು 800 ಹರ್ಟ್ಸ್‌ಗಿಂತ ಕೆಳಗೆ ದುಡಿಸಲಾಗದು. ಹಾಗಾಗಿ ದನಿಯ ಕೆಳಭಾಗ ವೂಫರಿನಲ್ಲಿ, ಮೇಲ್ಭಾಗ ಡೋಮಿನಲ್ಲಿ. ಅಪ್ಪ ಸ್ವಲ್ಪ ಹೊತ್ತು ಕೇಳಿ ಹೇಳಿದರು: "ಅಕ್ಷರ ಛಲೋ ಕೇಳ್ತಾವ. ಆದ್ರ ಎದಿ ಬಿಟ್ಟು ಬರೇ ಗಂಟಲಿನಾಗ ಹಾಡಿದಂಗ ಆಗ್ತದ." ನಾಲ್ಕಿಂಚಿನ ಕಾಗದದ ಕೋನನ್ನು 400ರಿಂದ 3500ರವರೆಗೆ ದುಡಿಸಿದೆವು. ಅದರ ಅಲುಗಾಡುವ ಅಗಲ 8 ಸೆಂಟಿಮೀಟರ್, ಟಾರ್ಚಿನ ಲೆಕ್ಕ ಬರುವುದು 4300ಕ್ಕೆ. ಅಪ್ಪ ಏನೂ ಹೇಳಲಿಲ್ಲ. ಒಂದು ವಚನ ಮುಗಿದ ಮೇಲೆ ಇನ್ನೊಂದು ಹಚ್ಚು ಎಂದು ಕೈ ಮಾಡಿದರು. ಆಯ್ಕೆ ಮುಗಿಯಿತು.

ಡಬ್ಬಿಯೊಳಗೆ ಈ ಕೋನಿಗೆ ನಾಲ್ಕು ಲೀಟರಿನ ಪ್ರತ್ಯೇಕ ಮುಚ್ಚಿದ ಕೋಣೆ ಕೊಟ್ಟಿದ್ದೇವೆ, ಇಲ್ಲದಿದ್ದರೆ ವೂಫರಿನ ಗಾಳಿಯೇ ಅದನ್ನು ಹಿಂದಿನಿಂದ ತಳ್ಳಾಡುತ್ತದೆ. ಒಳಗೆ ಹಳೆಯ ದಿಂಬಿನ ಪಾಲಿಯೆಸ್ಟರ್ ಹತ್ತಿ. ಸದ್ಯಕ್ಕೆ ಕಟ್ಟಿರುವುದು ಒಂದೇ ಡಬ್ಬಿ. ಆ ಹಳೆಯ ರೇಡಿಯೊ ಧ್ವನಿಮುದ್ರಣಗಳೆಲ್ಲ ಮೋನೊ, ಒಂದು ಸಾಕು, ಜಾಗವೂ ಉಳಿಯುತ್ತದೆ.

ಸ್ಪೀಕರಿನಿಂದ ಕಿವಿ ವಾಸಿಯಾಗುವುದಿಲ್ಲ. ಹಿಯರಿಂಗ್ ಏಡ್ ಊಟಕ್ಕೆ ಬೇಕೇ ಬೇಕು, ಆರು ತಿಂಗಳಿಗೊಮ್ಮೆ ಪರೀಕ್ಷೆಯೂ ಇದೆ. ಆದರೆ ಸಂಜೆ ಐದಕ್ಕೆ ಧಾರವಾಡ ಮತ್ತೆ ಹಾಲ್‌ಗೆ ಬರುತ್ತದೆ. ವಾರ್ತೆ ಓದುವವರ ಉಚ್ಚಾರದ ಮೇಲೆ ಟೀಕೆ ಶುರುವಾಗಿದೆ. ಮರೆವಿನ ಕಾಯಿಲೆ ಎಂದ ನೆಂಟರು ಮೊನ್ನೆ ಫೋನಿನಲ್ಲಿ ಅಪ್ಪನಿಂದ ಒಂದು ಗಂಟೆ ಮಾತು ಕೇಳಿಸಿಕೊಂಡರು.

ನೀವೂ ಡಬ್ಬಿ ಕಟ್ಟುವವರಾದರೆ, ಕೊಳ್ಳುವವರಾದರೂ ಸರಿ, ಅಂಗಡಿಯವರು ಹಚ್ಚುವ ಗಿಟಾರು, ಡ್ರಮ್ಮು ಕೇಳಿ ಬೆರಗಾಗಿ. ಆಮೇಲೆ ಫೋನಿನಲ್ಲಿ ನಿಮ್ಮ ಮನೆಯವರು ಓದಿದ ಹತ್ತು ಕನ್ನಡ ಶಬ್ದ ಹಚ್ಚಿ. ಎದುರಿಗೆ ನಿಂತು ಕೇಳಬೇಡಿ, ನಿಮ್ಮ ಮನೆಯ ಹಿರಿಯರು ಎಲ್ಲಿ ಕೂರುತ್ತಾರೋ ಅಷ್ಟು ಓರೆಗೆ ಸರಿದು ಕೇಳಿ. ಮೂರನೆಯ ಮಹಡಿಯ ಕಾಕಾ ಹಾಗೆ ಕೇಳಿ ಹೋಗಿದ್ದಾರೆ, ಮರಾಠಿ ಶಬ್ದಗಳ ಪಟ್ಟಿ ಮಾಡುತ್ತಿದ್ದಾರಂತೆ. ಅವರ ಡಬ್ಬಿಗೆ ತಂದ ಪ್ಲೈವುಡ್ ನಮ್ಮ ಬಾಲ್ಕನಿಯಲ್ಲಿ ನಿಂತಿದೆ. ಮಳೆ ಕಳೆದ ಮೇಲೆ ಕೊಯ್ಯಬೇಕು.